ಥ್ರಾಟಲ್ ಕೊಟ್ಟರೆ ಪ್ರೊಪೆಲರ್ ಎಷ್ಟು ಬೇಗ ಮಾತು ಕೇಳುತ್ತೆ?

ಹುಣ್ಣಿಮೆಗೆ ಹುಲಿಗಿಗೆ ಹೋಗಿದ್ದೆವು. ಹುಲಿಗೆಮ್ಮನ ದರ್ಶನ ಮುಗಿಸಿ ತುಂಗಭದ್ರೆಯ ದಂಡೆಯಲ್ಲಿ ಕೂತಿದ್ದಾಗ, ಅದೇ ಊರಿನ ನಮ್ಮ ಗೆಳೆಯ ಕೇಳಿದ: "ಬೈಕಿಗೆ ಎಕ್ಸಲರೇಟರ್ ಕೊಟ್ರ ಕೂಡ್ಲೇ ಗುರ್ ಅಂತದ. ಸಣ್ಣ ವಿಮಾನದ ಪಂಕಾನೂ ಹಂಗ ಏನ್ಲೇ?" ಯಾರಿಗೂ ಉತ್ತರ ಹೊಳೆಯಲಿಲ್ಲ. ಹಾಸ್ಟೆಲ್‌ಗೆ ಬಂದು ಲೆಕ್ಕ ಹಾಕಿದೆವು.

10 ಕೆಜಿ ತೂಕ, 1.8 ಮೀಟರ್ ಉದ್ದದ ಪ್ರೊಪೆಲರ್ ಅಂದುಕೊಳ್ಳೋಣ. ಒಂದೇ ಸಮ ದಪ್ಪದ ಕೋಲು ಅಂದುಕೊಂಡರೆ ಅದರ ಜಡತ್ವ ಮಹತ್ವ 2.7 ಕೆಜಿ ಚದರ ಮೀಟರ್. ಆದರೆ ತೂಕವೆಲ್ಲ ನಡುವೆ ಹೆಚ್ಚು, ತುದಿಯಲ್ಲಿ ಕಡಿಮೆ. ಹಾಗಾಗಿ ಅರ್ಧ, 1.35 ಹಿಡಿದೆವು. 1000 ಆರ್‌ಪಿಎಂನಿಂದ 2400ಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 35 ಕಿಲೋಜೂಲ್. 100 ಎಚ್‌ಪಿ ಎಂಜಿನ್‌ನ ಪವರ್ ಎಲ್ಲವೂ ಇದಕ್ಕೆ ಸಿಗಲ್ಲ, ಗಾಳಿಯನ್ನು ತಳ್ಳೋಕೂ ಬೇಕಲ್ವಾ? ಉಳಿಯೋದು ಸರಾಸರಿ 20 ಕಿಲೋವ್ಯಾಟ್ ಅಂದರೂ 2 ಸೆಕೆಂಡ್‌ನೊಳಗೆ ಕೆಲಸ ಮುಗಿಯುತ್ತೆ.

2 ಸೆಕೆಂಡ್ ಏನು ಮಹಾ? ಇಳಿಯುವಾಗ ರನ್‌ವೇಗೆ ನಾಯಿ ಅಡ್ಡ ಬಂತು, ಪೈಲಟ್ ಮತ್ತೆ ಮೇಲೇರಬೇಕು. ವೇಗ 60 ನಾಟ್, ಇಳಿತ ನಿಮಿಷಕ್ಕೆ 500 ಅಡಿ. ಆ 2 ಸೆಕೆಂಡ್‌ನಲ್ಲಿ ವಿಮಾನ 60 ಮೀಟರ್ ಮುಂದೆ, 5 ಮೀಟರ್ ಕೆಳಗೆ! ಥ್ರಸ್ಟ್ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಶುರುವಿನಲ್ಲಿ ಎಳೆತ ಕಡಿಮೆ. ಒಂದು ಸಮಾಧಾನ ಏನಂದರೆ, ಹಾರಾಟದಲ್ಲಿ ಎದುರಿನ ಗಾಳಿಯೇ ಪಂಕವನ್ನು ತಿರುಗಿಸುತ್ತಾ ಇರುತ್ತೆ, ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಹಾಗಂತ ಥ್ರಾಟಲ್ ಒಮ್ಮೆಲೇ ತಳ್ಳಬಾರದು. ಕಾರ್ಬ್ಯುರೇಟರ್ ಎಂಜಿನ್‌ಗೆ ಗಾಳಿ ಮೊದಲು, ಪೆಟ್ರೋಲ್ ಆಮೇಲೆ ತಲುಪಿ ಎಂಜಿನ್ ತಡವರಿಸಬಹುದು.

ಇದೆಲ್ಲ ಪಿಚ್ ಬದಲಾಗದ ಪ್ರೊಪೆಲರ್ ಕಥೆ. ಬೆಂಗಳೂರಿನ ಎನ್‌ಎಎಲ್ ಮಾಡಿದ, 1993ರಲ್ಲಿ ಮೊದಲು ಹಾರಿದ ಹಂಸ ತರಬೇತಿ ವಿಮಾನದ ಹಂಸ-3 ಮಾದರಿಯಲ್ಲಿ ಕಾನ್‌ಸ್ಟೆಂಟ್ ಸ್ಪೀಡ್ ಪ್ರೊಪೆಲರ್ ಇದೆ. ಹುಲಿಗಿ ಪಕ್ಕದ ಮುನಿರಾಬಾದ್ ವಿದ್ಯುತ್ ಕೇಂದ್ರದಂಥ ಕಡೆ ಗವರ್ನರ್ ಟರ್ಬೈನ್‌ಗೆ ಬರುವ ನೀರನ್ನು ಹೆಚ್ಚು-ಕಡಿಮೆ ಮಾಡಿ ವೇಗ ಕಾಯುತ್ತೆ. ವಿಮಾನದ ಗವರ್ನರ್ ಉಲ್ಟಾ: ಬರುವ ಪವರ್ ಮುಟ್ಟಲ್ಲ, ಎಲೆಗಳ ಕೋನ ಬದಲಿಸಿ ಹೊರೆಯನ್ನೇ ಬದಲಿಸುತ್ತೆ. ಆರ್‌ಪಿಎಂ ಹಾಗೇ ಇರುವುದರಿಂದ ಪಂಕಕ್ಕೆ ಹೊಸದಾಗಿ ವೇಗ ಹಿಡಿಯುವ ಕೆಲಸ ಇಲ್ಲ, ಥ್ರಸ್ಟ್ ಬೇಗ ಬರುತ್ತೆ. ಆದರೆ ಪವರ್ ತೀರಾ ಕಡಿಮೆಯಾದರೆ ಎಲೆಗಳು ಕೊನೆಯ ಕೋನಕ್ಕೆ ಬಂದು ನಿಲ್ಲುತ್ತವೆ, ಆರ್‌ಪಿಎಂ ಇಳಿಯುತ್ತೆ. ಆಗ ಮತ್ತೆ ನಮ್ಮ 2 ಸೆಕೆಂಡ್ ಲೆಕ್ಕವೇ!

ಗೆಳೆಯನಿಗೆ ಉತ್ತರ ಸಿಕ್ಕಿತು: ಬೈಕಿನಷ್ಟು ಚುರುಕಲ್ಲ, ಆದರೆ ದೊಡ್ಡ ಜೆಟ್ ಎಂಜಿನ್‌ಗಿಂತ ಬೇಗ. ನಿಮ್ಮ ರೂಮಿನ ಸೀಲಿಂಗ್ ಫ್ಯಾನ್ ಪೂರ್ತಿ ವೇಗಕ್ಕೆ ಬರಲು ಎಷ್ಟು ಸೆಕೆಂಡ್ ಬೇಕು? ಇವತ್ತೇ ಅಳೆದು, ಇದೇ ಲೆಕ್ಕ ಹಾಕಿ ನೋಡಿ.