ಮೆದುಳಿನ ರಕ್ತನಾಳದೊಳಗೆ ಇಣುಕುವ ಮುನ್ನ

ಪ್ರಶ್ನೆ: ನಮ್ಮ ಅತ್ತೆಗೆ 61 ವರ್ಷ. ತಲೆಸುತ್ತು ಅಂತ ಸ್ಕ್ಯಾನ್ ಮಾಡಿಸಿದಾಗ ಮೆದುಳಿನ ರಕ್ತನಾಳದಲ್ಲಿ ಅನ್ಯೂರಿಸಂ ಇರುವುದು ಗೊತ್ತಾಯಿತು. ರಕ್ತನಾಳದ ಒಳಗಿನಿಂದಲೇ ಸ್ಟೆಂಟ್ ಹಾಕಬಹುದು ಎಂದು ಡಾಕ್ಟರು ಹೇಳಿದ್ದಾರೆ. ಮೆದುಳಿನ ರಕ್ತನಾಳದೊಳಗೆ ಬೆಳಕಿನ ಎಳೆ ಕಳಿಸಿ ಚಿತ್ರ ತೆಗೆಯುವ ಹೊಸ ವಿಧಾನ ವಿದೇಶದಲ್ಲಿ ಬಂದಿದೆ ಎಂದು ಓದಿದೆ. ಅದು ಇಲ್ಲಿಗೆ ಬರುವವರೆಗೆ ಕಾಯಬೇಕೆ? ಅಂಥದ್ದನ್ನು ಮನುಷ್ಯರ ಮೆದುಳಲ್ಲಿ ಪರೀಕ್ಷಿಸುವುದಾದರೂ ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ಅದಕ್ಕಾಗಿ ಕಾಯಬೇಡಿ. ಚಿಕಿತ್ಸೆ ಬೇಕೇ, ಯಾವಾಗ ಬೇಕು ಎನ್ನುವುದು ಅನ್ಯೂರಿಸಂನ, ಅಂದರೆ ರಕ್ತನಾಳದ ಗೋಡೆಯಲ್ಲಿ ಎದ್ದ ಉಬ್ಬಿನ ಗಾತ್ರ, ಜಾಗ, ಆಕಾರ, ನಿಮ್ಮ ಅತ್ತೆಯವರ ಬಿ.ಪಿ., ಮನೆತನದಲ್ಲಿ ಯಾರಿಗಾದರೂ ಮೆದುಳಿನ ರಕ್ತಸ್ರಾವ ಆಗಿತ್ತೇ ಎಂಬುದರ ಮೇಲೆ ನಿಂತಿದೆ. ಇನ್ನೂ ಪರೀಕ್ಷೆಯಲ್ಲಿರುವ ಉಪಕರಣದ ಮೇಲಲ್ಲ. ಗಾಬರಿಯೂ ಬೇಡ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂರು ಮಂದಿಗೆ ಇಂಥ ಉಬ್ಬು ಇರುತ್ತದೆ, ಹೆಚ್ಚಿನವು ಜೀವಮಾನವಿಡೀ ಒಡೆಯುವುದೇ ಇಲ್ಲ. ಒಂದು ಮಾತು ಮಾತ್ರ ಮನೆಯವರೆಲ್ಲರಿಗೂ ಗೊತ್ತಿರಲಿ: ಹಿಂದೆಂದೂ ಬಾರದಂಥ ತಲೆನೋವು ಸಿಡಿಲು ಬಡಿದಂತೆ ಬಂದರೆ, ಜೊತೆಗೆ ವಾಂತಿ, ಕತ್ತು ಬಿಗಿತ, ಮಂಪರು ಇದ್ದರೆ, ಮಾತ್ರೆ ನುಂಗಿಸಿ ಮಲಗಿಸಬಾರದು. ನೇರ ಆಸ್ಪತ್ರೆಗೆ ಹೋಗಬೇಕು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಅನ್ಯೂರಿಸಂ ನೋಡಲು ಈಗ ಡಾಕ್ಟರುಗಳು ನೆಚ್ಚುವುದು ಡಿಎಸ್‌ಎ ಎಂಬ ಆಂಜಿಯೋಗ್ರಾಂ. ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಸಣ್ಣ ನಳಿಕೆ ತೂರಿಸಿ, ಡೈ ಬಿಟ್ಟು, ಎಕ್ಸ್‌ರೇ ತೆಗೆಯುತ್ತಾರೆ. ಡೈ ಬಿಡುವ ಮೊದಲು ತೆಗೆದ ಚಿತ್ರವನ್ನು ಆಮೇಲಿನ ಚಿತ್ರದಿಂದ ಕಂಪ್ಯೂಟರು ಕಳೆಯುತ್ತದೆ. ತಲೆಬುರುಡೆ ಮಾಯವಾಗಿ ರಕ್ತನಾಳದ ಜಾಲ ಮಾತ್ರ ಉಳಿಯುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ಟ್ರೆಟಾ ಮತ್ತು ಸಂಗಡಿಗರು 1970ರ ದಶಕದಲ್ಲಿ ಬೆಳೆಸಿದ ಈ ಉಪಾಯ ಇವತ್ತಿಗೂ ಆಂಜಿಯೋಗ್ರಾಂ ಕೊಠಡಿಯ (ಕ್ಯಾಥ್ ಲ್ಯಾಬ್) ಜೀವಾಳ.

ಆದರೆ ಇದರಲ್ಲಿ ಕಾಣುವುದು ರಕ್ತ ಹರಿಯುವ ದಾರಿ, ರಕ್ತನಾಳದ ಗೋಡೆಯಲ್ಲ. ನಿಮ್ಮ ಅತ್ತೆಯವರಿಗೆ ಹೇಳಿರುವುದು ಬಹುಶಃ ಫ್ಲೋ ಡೈವರ್ಟರ್ ಎಂಬ ಸ್ಟೆಂಟ್ ಇರಬೇಕು. ಅದು ತೀರ ತೆಳು ತಂತಿಗಳನ್ನು ಹೆಣೆದು ಮಾಡಿದ ಕೊಳವೆ. ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಪಡೆದ ಪೈಪ್‌ಲೈನ್ ಎಂಬುದರಲ್ಲಿ 48 ತಂತಿಗಳಿವೆ. ಒಂದೊಂದರ ದಪ್ಪ ಸುಮಾರು 30 ಮೈಕ್ರಾನ್, ಅಂದರೆ ತಲೆಗೂದಲಿನ ಅರ್ಧದಷ್ಟು. ಉಬ್ಬಿನ ಬಾಯಿಗೆ ಅಡ್ಡಲಾಗಿ ಇದನ್ನು ಬಿಚ್ಚಿದರೆ ಒಳಕ್ಕೆ ನುಗ್ಗುವ ರಕ್ತ ಕಡಿಮೆಯಾಗಿ, ತಿಂಗಳುಗಳಲ್ಲಿ ಉಬ್ಬು ಮುಚ್ಚಿಕೊಳ್ಳುತ್ತದೆ. ಹಾಗಾಗಬೇಕಾದರೆ ಸ್ಟೆಂಟ್ ಗೋಡೆಗೆ ಎಲ್ಲ ಕಡೆಯೂ ಅಂಟಿ ಕೂರಬೇಕು. ಎಲ್ಲಾದರೂ ಸಂದು ಉಳಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಬಹುದು. ಅಷ್ಟು ಸಣ್ಣ ಸಂದು ಡಿಎಸ್‌ಎ ಪರದೆಯ ಮೇಲೆ ಎಷ್ಟೋ ಸಲ ಕಾಣುವುದಿಲ್ಲ.

ಈ ಕೊರತೆ ತುಂಬಲು ಬಂದಿರುವುದೇ ನೀವು ಓದಿದ ವಿಧಾನ, ನ್ಯೂರೋ ಓಸಿಟಿ. ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ) ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ. 1991ರಲ್ಲಿ ಅದರ ಮೊದಲ ಲೇಖನ ಬಂತು. ಕಣ್ಣಿನ ಆಸ್ಪತ್ರೆಯಲ್ಲಿ ರೆಟಿನಾ ನೋಡಲು ಇದನ್ನು ದಿನವೂ ಬಳಸುತ್ತಾರೆ, ಹೃದಯದ ರಕ್ತನಾಳಕ್ಕೂ ಬಳಸುತ್ತಾರೆ. ಅತಿಗೆಂಪು ಬೆಳಕನ್ನು ಬಿಟ್ಟು, ಮರಳಿ ಬಂದ ಬೆಳಕಿನಿಂದ ಸುಮಾರು 10 ಮೈಕ್ರಾನಿನಷ್ಟು ಸೂಕ್ಷ್ಮವಾದ ಚಿತ್ರ ಕಟ್ಟುತ್ತದೆ. ಹೃದಯಕ್ಕೆಂದು ಮಾಡಿದ ಎಳೆ ಮೆದುಳಿಗೆ ಒಗ್ಗಲಿಲ್ಲ, ಏಕೆಂದರೆ ಕತ್ತಿನಿಂದ ತಲೆಬುರುಡೆಯೊಳಗೆ ಹೋಗುವಾಗ ಕೆರೋಟಿಡ್ ಅಪಧಮನಿ ಎರಡೆರಡು ಕಡೆ ಮಡಚಿದಂತೆ ತಿರುಗುತ್ತದೆ. ಗಡಸು ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಗೋಡೆಯನ್ನು ಗೀರುತ್ತದೆ. ಈ ತಿರುವುಗಳಲ್ಲಿ ಬಳುಕುವ ಎಳೆಯನ್ನು ತಯಾರಿಸಿ, ಟೊರೊಂಟೊ ಮತ್ತು ಬ್ಯೂನಸ್ ಐರಿಸ್‌ನ ವೈದ್ಯರು ರೋಗಿಗಳಲ್ಲಿ ಬಳಸಿದ ವರದಿ 2024ರಲ್ಲಿ ‘ಸೈನ್ಸ್ ಟ್ರಾನ್ಸ್‌ಲೇಶನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂತು.

ಚಿತ್ರಗಳು ಬೆರಗು ಹುಟ್ಟಿಸುವಂತಿವೆ. ಆದರೆ ಚಿತ್ರ ಚೆನ್ನಾಗಿ ಬಂದ ಮಾತ್ರಕ್ಕೆ ರೋಗಿಗೆ ಒಳ್ಳೆಯದಾಯಿತು ಎಂದಲ್ಲ. ಮೆದುಳಿನ ಆಂಜಿಯೋಗ್ರಾಂನ ಚರಿತ್ರೆಯೇ ಇದಕ್ಕೆ ಸಾಕ್ಷಿ. 1927ರಲ್ಲಿ ಲಿಸ್ಬನ್ನಿನ ಏಗಸ್ ಮೊನಿಜ್ ಜೀವಂತ ಮನುಷ್ಯನ ಮೆದುಳಿನ ರಕ್ತನಾಳಗಳನ್ನು ಮೊದಲ ಬಾರಿಗೆ ಎಕ್ಸ್‌ರೇಯಲ್ಲಿ ತೋರಿಸಿದರು. ಅದಕ್ಕೆ ಮುಂಚೆ ಶವಗಳಲ್ಲಿ, ನಾಯಿಗಳಲ್ಲಿ ಪ್ರಯೋಗ ಮಾಡಿದ್ದರು. ಆದರೂ ಆರಂಭದ ರೋಗಿಗಳಲ್ಲಿ ಒಬ್ಬರು ತೀರಿಕೊಂಡರು. ಆಮೇಲೆ, 1930ರ ಹೊತ್ತಿಗೆ, ಥೊರೊಟ್ರಾಸ್ಟ್ ಎಂಬ ಡೈ ಬಂತು. ಚುಚ್ಚಿದಾಗ ಉರಿಯಿಲ್ಲ, ಚಿತ್ರ ಬಲು ಸ್ಪಷ್ಟ. ವೈದ್ಯರು ಮೆಚ್ಚಿ ಬಳಸಿದರು. ಅದರಲ್ಲಿದ್ದದ್ದು ವಿಕಿರಣ ಸೂಸುವ ಥೋರಿಯಂ. ಅದು ದೇಹದಿಂದ ಹೊರಹೋಗದೆ ಯಕೃತ್ತಿನಲ್ಲಿ, ಗುಲ್ಮದಲ್ಲಿ ಉಳಿಯಿತು. ದಶಕಗಳು ಕಳೆದ ಮೇಲೆ ಆ ರೋಗಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಕಾಣಿಸಿಕೊಂಡಿತು. ಆ ಜನಕ್ಕೆ ಯಾರೂ ಕೇಡು ಬಯಸಿರಲಿಲ್ಲ. ಚಿತ್ರದ ಗುಣ ನೋಡಿದರು, ಚಿತ್ರ ತೆಗೆಸಿಕೊಂಡವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಏರ್ಪಾಡು ಇರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಂದಿನ ಪರೀಕ್ಷೆಗಳ ನಿಧಾನವನ್ನು ದೂರಲು ಮನಸ್ಸು ಬರುವುದಿಲ್ಲ.

ಈಗಿನ ಪರೀಕ್ಷೆ ಶುರುವಾಗುವುದು ಮೇಜಿನ ಮೇಲೆ. ನಿಜವಾದ ಆಂಜಿಯೋಗ್ರಾಂನಿಂದ ಅಳತೆ ತೆಗೆದು ಸಿಲಿಕೋನಿನಲ್ಲಿ ರಕ್ತನಾಳ ಎರಕ ಹೊಯ್ಯುತ್ತಾರೆ. ಎಲ್ಲ ತಿರುವುಗಳೂ, ಉಬ್ಬೂ ಇರುವ ಪಾರದರ್ಶಕ ಕೊಳವೆ ಅದು. ಅದರೊಳಗೆ ರಕ್ತದಷ್ಟೇ ಮಂದವಾಗಿ ಬೆರೆಸಿದ ಗ್ಲಿಸರಿನ್ ನೀರನ್ನು ಪಂಪು ನಾಡಿಯ ಲಯದಲ್ಲಿ ತಳ್ಳುತ್ತದೆ. ಸ್ಟೆಂಟನ್ನು ಬೇಕೆಂದೇ ಸ್ವಲ್ಪ ತಪ್ಪಾಗಿ, ಅಳೆದು ಗೊತ್ತಿರುವ ಸಂದು ಬಿಟ್ಟು ಕೂರಿಸುತ್ತಾರೆ. ಹೊಸ ಉಪಕರಣ ಆ ಸಂದನ್ನು ಹಿಡಿಯುತ್ತದೆಯೇ, ಅಳತೆ ಸರಿಯಾಗಿ ಹೇಳುತ್ತದೆಯೇ? ಇನ್ನೊಂದು, ಮುಖ್ಯವಾದದ್ದು: ಇಲ್ಲದ ಸಂದನ್ನು ಇದೆ ಎನ್ನುತ್ತದೆಯೇ? ಇಲ್ಲದ್ದು ಕಂಡರೆ ಡಾಕ್ಟರು ಸರಿಯಾಗಿ ಕೂತ ಸ್ಟೆಂಟನ್ನು ಬಲೂನಿನಿಂದ ಮತ್ತೆ ಒತ್ತಲು ಹೋಗುತ್ತಾರೆ, ಅದರಿಂದಲೇ ಅಪಾಯ.

ಆಮೇಲೆ ಪ್ರಾಣಿ. ಮೊಲದ ಕತ್ತಿನ ಅಪಧಮನಿಯ ಗೋಡೆಯನ್ನು ಇಲಾಸ್ಟೇಸ್ ಎಂಬ ಕಿಣ್ವದಿಂದ ಸಡಿಲಿಸಿದರೆ ಅಲ್ಲಿ ಮನುಷ್ಯರ ಅನ್ಯೂರಿಸಂ ಹೋಲುವ ಉಬ್ಬು ಏಳುತ್ತದೆ. ಅದಕ್ಕೆ ಸ್ಟೆಂಟ್ ಹಾಕಿ, ಹೊಸ ವಿಧಾನದಲ್ಲಿ ಚಿತ್ರ ತೆಗೆದು, ಕೊನೆಗೆ ಆ ರಕ್ತನಾಳವನ್ನೇ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ ತಾಳೆ ಹಾಕುತ್ತಾರೆ. ಮನುಷ್ಯರಲ್ಲಿ ಈ ತಾಳೆ ಸಾಧ್ಯವಿಲ್ಲ, ಅದಕ್ಕೇ ಈ ಮೆಟ್ಟಿಲನ್ನು ಹಾರಿಸುವ ಹಾಗಿಲ್ಲ.

ಮನುಷ್ಯರ ಸರದಿ ಬಂದಾಗ, ಹೇಗೂ ಆಂಜಿಯೋಗ್ರಾಂ ಅಥವಾ ಚಿಕಿತ್ಸೆ ಆಗಬೇಕಾದ ಕೆಲವರನ್ನು, ಅವರು ಒಪ್ಪಿದರೆ, ಸೇರಿಸಿಕೊಳ್ಳುತ್ತಾರೆ. ಓಸಿಟಿಗೆ ಇಲ್ಲಿ ಒಂದು ಖಾಸಾ ತೊಡಕಿದೆ. ಕೆಂಪು ರಕ್ತಕಣಗಳು ಬೆಳಕನ್ನು ಚದುರಿಸುವುದರಿಂದ ಕೆಲವು ಸೆಕೆಂಡು ಆ ಜಾಗದ ರಕ್ತವನ್ನು ಡೈ ಬಿಟ್ಟು ತೊಳೆಯಬೇಕು. ಅಂದರೆ ಕಿಡ್ನಿಗೆ ಇನ್ನಷ್ಟು ಹೊರೆ, ಚಿಕಿತ್ಸೆಗೂ ಹೆಚ್ಚು ಹೊತ್ತು. ಬೆಳಕು ಗೋಡೆಯೊಳಗೆ ಒಂದೆರಡು ಮಿ.ಮೀ.ಗಿಂತ ಆಳಕ್ಕೆ ಇಳಿಯದು. ನಾಳಕ್ಕೆ ಗಾಯವಾಯಿತೇ, ಹೆಪ್ಪು ಕಟ್ಟಿತೇ, ಪಾರ್ಶ್ವವಾಯು ಆಯಿತೇ ಎಂದು ಲೆಕ್ಕ ಇಡುತ್ತಾರೆ. ಚಿತ್ರಗಳನ್ನು ಆ ಚಿಕಿತ್ಸೆಯಲ್ಲಿ ಪಾಲಿಲ್ಲದ ಬೇರೆ ತಜ್ಞರು ಓದುತ್ತಾರೆ. ಒಂದೇ ಚಿತ್ರಕ್ಕೆ ಇಬ್ಬರು ಎರಡು ಮಾತು ಹೇಳಿದರೆ ಆ ಚಿತ್ರವನ್ನು ನಂಬುವುದು ಕಷ್ಟ.

ಪರೀಕ್ಷೆ ದಾಟಿ ಬಳಕೆಗೆ ಬಂದ ಒಂದು ತಂತ್ರಕ್ಕೆ ಉದಾಹರಣೆ ತೆರೆದ ಶಸ್ತ್ರಚಿಕಿತ್ಸೆಯಲ್ಲೇ ಇದೆ. ಉಬ್ಬಿನ ಕತ್ತಿಗೆ ಕ್ಲಿಪ್ ಹಾಕಿದ ಮೇಲೆ ಇಂಡೊಸಯನಿನ್ ಗ್ರೀನ್ ಎಂಬ ಬಣ್ಣವನ್ನು ಕೈಯ ರಕ್ತನಾಳಕ್ಕೆ ಕೊಡುತ್ತಾರೆ. ಶಸ್ತ್ರಚಿಕಿತ್ಸೆಯ ಮೈಕ್ರೋಸ್ಕೋಪಿನ ಪರದೆಯಲ್ಲಿ, ಕಪ್ಪು ಹಿನ್ನೆಲೆಯ ಮೇಲೆ, ರಕ್ತ ಹರಿಯುವ ನಾಳಗಳು ಬೆಳ್ಳಗೆ ಹೊಳೆಯುತ್ತವೆ. ಉಬ್ಬು ಇನ್ನೂ ಹೊಳೆದರೆ ಕ್ಲಿಪ್ ಸರಿಯಾಗಿ ಕೂತಿಲ್ಲ. ಪಕ್ಕದ ಎಳೆನಾಳ ಕಪ್ಪಾಗಿಯೇ ಉಳಿದರೆ ಕ್ಲಿಪ್ ಅದನ್ನೂ ಕಚ್ಚಿದೆ. ತಲೆ ತೆರೆದಿರುವಾಗಲೇ ಸರಿಪಡಿಸಬಹುದು. 2003ರಲ್ಲಿ ನರಶಸ್ತ್ರವೈದ್ಯ ಆಂದ್ರಿಯಾಸ್ ರಾಬೆ ಅವರ ತಂಡ ಇದನ್ನು ವರದಿ ಮಾಡಿ, ನಂತರ ಆಂಜಿಯೋಗ್ರಾಂ ಜೊತೆ ಹೋಲಿಸಿ ನೋಡಿತು. ಚಿತ್ರ ನೋಡಿ ಶಸ್ತ್ರವೈದ್ಯರ ಕೈ ಬೇರೆ ಕೆಲಸ ಮಾಡಿತು, ಅದೇ ಅದರ ಬೆಲೆ. ನ್ಯೂರೋ ಓಸಿಟಿ ಇನ್ನು ತೋರಿಸಬೇಕಾದದ್ದೂ ಇದನ್ನೇ: ಅದನ್ನು ನೋಡಿ ಚಿಕಿತ್ಸೆ ಪಡೆದವರಿಗೆ, ನೋಡದೆ ಪಡೆದವರಿಗಿಂತ ಪಾರ್ಶ್ವವಾಯು ಕಡಿಮೆಯೇ ಎಂದು.

ಸ್ಟೆಂಟಿನ ಮಟ್ಟಿಗೆ ನಮ್ಮಲ್ಲೂ ಕೆಲಸ ನಡೆದಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಜೊತೆ ಸೇರಿ ನಿಟಿನಾಲ್ ಲೋಹದ ಫ್ಲೋ ಡೈವರ್ಟರನ್ನು ರೂಪಿಸಿದೆ. ಹೊರದೇಶದಿಂದ ಬರುವ ಇಂಥ ಸ್ಟೆಂಟಿಗೆ ಲಕ್ಷಗಟ್ಟಲೆ ತೆರುವ ಕುಟುಂಬಗಳನ್ನು ನೆನೆದರೆ ಇದು ಬೇಗ ಕೈಗೆ ಸಿಗಲಿ ಎನಿಸುತ್ತದೆ.

ನಿಮ್ಮ ಡಾಕ್ಟರನ್ನು ಕೇಳಿ: ಈಗ ಚಿಕಿತ್ಸೆ ಮಾಡದೆ ಸ್ಕ್ಯಾನ್ ಮಾಡುತ್ತ ಗಮನಿಸಿದರೆ ಏನಾಗಬಹುದು? ನೀವು ಇಂಥ ಸ್ಟೆಂಟ್ ಎಷ್ಟು ಜನಕ್ಕೆ ಹಾಕಿದ್ದೀರಿ? ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎಷ್ಟು ತಿಂಗಳು? ಯಾರಾದರೂ ಪರೀಕ್ಷೆಗೆ ಸೇರಿ ಎಂದರೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆದು, ಮನೆಗೆ ತಂದು ಓದಿ. ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ; ಅದು ದೇಶದ ವೈದ್ಯಕೀಯ ಪರೀಕ್ಷೆಗಳ, ಯಾರು ಬೇಕಾದರೂ ನೋಡಬಹುದಾದ ಸರ್ಕಾರಿ ದಾಖಲೆ. ಹೆಚ್ಚುವರಿ ಡೈ ಎಷ್ಟು, ಹೆಚ್ಚುವರಿ ಸಮಯ ಎಷ್ಟು, ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು ಎಂಬುದು ಒಪ್ಪಿಗೆ ಪತ್ರದಲ್ಲಿ ಬರೆದಿರಬೇಕು. ಪರೀಕ್ಷೆ ಬೇಡ ಎಂದರೂ ಅತ್ತೆಯವರಿಗೆ ಸಿಗಬೇಕಾದ ಮಾಮೂಲಿ ಚಿಕಿತ್ಸೆ ನಿಲ್ಲಕೂಡದು.