‘ಹೀವ್’ ಎಂಬ ಕ್ರಿಯಾಪದದ ಅರ್ಥವ್ಯಾಪ್ತಿ

ಆಂಗ್ಲ ಭಾಷೆಯಲ್ಲಿ ಎತ್ತುವಿಕೆಯನ್ನು ಸೂಚಿಸುವ ಕ್ರಿಯಾಪದಗಳು ಹಲವು. ‘ಲಿಫ್ಟ್’, ‘ರೇಯ್ಸ್’, ‘ಹಾಯ್ಸ್ಟ್’, ‘ಹೀವ್’ ಎಂಬಿವೆಲ್ಲಕ್ಕೂ ‘ಎತ್ತು’ ಎಂಬ ಒಂದೇ ಅರ್ಥವನ್ನು ಬರೆಯಿಸಿ ಮುಂದೆ ಸಾಗಿದರೆ, ವಿದ್ಯಾರ್ಥಿಯು ಭಾಷಾಂತರದಲ್ಲಿ ‘ಅವನು ನಿಟ್ಟುಸಿರನ್ನು ಎತ್ತಿದನು’ ಎಂದು ಬರೆದಾನು. ಆ ದೋಷ ಅವನೊಬ್ಬನದೇ ಎನ್ನಲಾಗದು. ಆದಕಾರಣ ಇವುಗಳಲ್ಲಿ ‘ಹೀವ್’ ಪದವನ್ನು ಇಲ್ಲಿ ತುಸು ವಿವರವಾಗಿ ವಿಚಾರಿಸೋಣ.

‘ಲಿಫ್ಟ್’ ಎಂಬುದು ಸಾಮಾನ್ಯವಾದ ಎತ್ತುವಿಕೆ. ‘ಹಾಯ್ಸ್ಟ್’ ಎಂಬುದು ಹೆಚ್ಚಾಗಿ ಹಗ್ಗ, ರಾಟೆಗಳ ನೆರವಿನಿಂದ ಮೇಲೇರಿಸುವುದು. ಧ್ವಜಾರೋಹಣಕ್ಕೆ ಸಲ್ಲುವ ಪದವಿದು. ‘ಹೀವ್’ ಪದದಲ್ಲಾದರೋ ಎತ್ತುವ ವಸ್ತುವಿನ ಭಾರವೂ ಎತ್ತುವವನ ಪ್ರಯಾಸವೂ ಒಟ್ಟಿಗೆ ಅಡಗಿವೆ. ಲೇಖನಿಯನ್ನು ಯಾರೂ ‘ಹೀವ್’ ಮಾಡರು. ನಮ್ಮ ಉತ್ತರ ಕರ್ನಾಟಕದ ಜಟ್ಟಿಗಳು ಸಂಗ್ರಾಣಿ ಕಲ್ಲನ್ನೆತ್ತುವ ಸಾಹಸಕ್ಕೆ ಈ ಪದ ಸರಿಯಾಗಿ ಒಪ್ಪುತ್ತದೆ. ಭಾರವಾದುದನ್ನು ಎತ್ತಿ ಎಸೆಯುವುದೂ ಇದರ ಅರ್ಥವೇ.

ಹಳೆಯ ಇಂಗ್ಲಿಷಿನಲ್ಲಿ ಈ ಧಾತುವಿನ ರೂಪ ‘ಹೆಬ್ಬನ್’. ಜರ್ಮನ್ ಭಾಷೆಯ ‘ಹೇಬನ್’ ಇದರ ಸೋದರ ಪದ. ಭಾರವಾದ ಎಂಬ ಅರ್ಥದ ‘ಹೆವಿ’ ಶಬ್ದವೂ ಇದೇ ಮೂಲದ್ದು. ಕನ್ನಡದಲ್ಲಿ ‘ಹೊರು’ ಧಾತುವಿನಿಂದ ‘ಹೊರೆ’ ಹುಟ್ಟಿದ ಬಗೆಯನ್ನು ನೆನೆದರೆ ಈ ಸಂಬಂಧ ಸುಲಭವಾಗಿ ತಿಳಿಯುತ್ತದೆ.

ಇದರ ಭೂತಕಾಲದ ರೂಪ ಸಾಮಾನ್ಯವಾಗಿ ‘ಹೀವ್ಡ್’. ನಾವಿಕರ ಮಾತಿನಲ್ಲಿ ಮಾತ್ರ ‘ಹೋವ್’ ಎಂಬ ರೂಪ ಉಳಿದಿದೆ. ‘ಹೀವ್ ಟು’ ಎಂದರೆ ಹಡಗಿನ ಮುನ್ನಡೆಯನ್ನು ತಡೆದು ನಿಲ್ಲಿಸುವುದು; ಇಲ್ಲಿ ಎತ್ತುವ ಮಾತೇ ಇಲ್ಲ. ಹಗ್ಗ ಜಗ್ಗುವವರ ‘ಹೀವ್ ಹೋ’ ಎಂಬ ಕೂಗಿಗೆ ನಮ್ಮ ಶ್ರಮಿಕರ ‘ಐಸಾ’ ಸಮನಾದುದು.

ಅಕರ್ಮಕವಾಗಿ ಪ್ರಯೋಗವಾದಾಗ ಅರ್ಥ ಇನ್ನೂ ವಿಸ್ತರಿಸುತ್ತದೆ. ಕಡಲು ‘ಹೀವ್’ ಆದರೆ ಉಬ್ಬಿ ಇಳಿಯುತ್ತದೆ. ಓಡಿ ಬಂದವನ ಎದೆ ಏರಿಳಿಯುತ್ತದೆ. ಹೊಟ್ಟೆ ತೊಳಸಿದವನಿಗೆ ಓಕರಿಕೆ ಬರುತ್ತದೆ. ಸಮಾಜದ ಮಹಾಕ್ಷೋಭೆಯನ್ನು ಹೇಳುವ ‘ಅಪ್‌ಹೀವಲ್’ ಎಂಬ ನಾಮಪದವೂ ಇದರಿಂದಲೇ ಸಿದ್ಧವಾದುದು.

ನಿಟ್ಟುಸಿರಿನ ಪ್ರಯೋಗವಂತೂ ವಿಶೇಷವಾಗಿ ಮನನೀಯ. ಆಂಗ್ಲರು ನಿಟ್ಟುಸಿರನ್ನು ‘ಹೀವ್’ ಮಾಡುತ್ತಾರೆ, ನಾವು ‘ಬಿಡು’ತ್ತೇವೆ. ಉಸಿರು ಒಂದೇ, ಅವರ ನುಡಿಯಲ್ಲಿ ಎದೆಯ ಭಾರ ಮೇಲೇಳುವುದು ಕಾಣುತ್ತದೆ, ನಮ್ಮ ನುಡಿಯಲ್ಲಿ ಆ ಭಾರ ಹೊರಹೋಗುವುದು ಕಾಣುತ್ತದೆ. ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಮೊದಲ ಅಂಕದಲ್ಲಿ, ಹೃದಯದ ಪ್ರೀತಿಯನ್ನು ಬಾಯಿಮಾತಿಗೆ ತರಲಾರದ ತನ್ನ ಸಂಕಟವನ್ನು ಕಾರ್ಡೀಲಿಯ ತಿಳಿಸುವುದು ಈ ಕ್ರಿಯಾಪದದಿಂದಲೇ. ಅಲ್ಲಿ ಬರಿದೆ ‘ಎತ್ತು’ ಎಂದು ಅನುವಾದಿಸಿದರೆ ಅವಳ ಮಾತಿನ ಭಾರವೇ ಇಳಿದುಹೋದೀತು.

ಹೀಗಿರುವಲ್ಲಿ ‘ಹೀವ್’ ಪದಕ್ಕೆ ಕನ್ನಡದಲ್ಲಿ ಒಂದೇ ಪ್ರತಿಪದವನ್ನು ಹುಡುಕುವುದು ವ್ಯರ್ಥಪ್ರಯತ್ನ. ಕಲ್ಲಾದರೆ ‘ಪ್ರಯಾಸದಿಂದೆತ್ತು’, ಮೂಟೆಯಾದರೆ ‘ಎತ್ತಿಹಾಕು’, ಕಡಲಾದರೆ ‘ಉಬ್ಬು’, ಉಸಿರಾದರೆ ‘ಬಿಡು’ ಎಂದು ಕರ್ತೃಕರ್ಮಗಳನ್ನು ನೋಡಿ ಪದವನ್ನು ಆರಿಸಬೇಕು. ಅಧ್ಯಾಪಕ ಬಂಧುಗಳು ಕಪ್ಪುಹಲಗೆಯ ಮೇಲೆ ಕ್ರಿಯಾಪದವನ್ನು ಒಂಟಿಯಾಗಿ ಬರೆಯದೆ, ಅದರೊಡನೆ ಬರುವ ನಾಮಪದವನ್ನೂ ಸೇರಿಸಿ ಬರೆದರೆ, ಮಕ್ಕಳಿಗೆ ಇಂಗ್ಲಿಷಿನ ಜೊತೆಗೆ ಕನ್ನಡವೂ ಇನ್ನಷ್ಟು ಚೆನ್ನಾಗಿ ಬಂದೀತು.