ಇಜೇರಿಯಿಂದ ಜರ್ಮನಿಗೆ: ಮೊದಲ ದಿನದ ತಯಾರಿ ಮನೆಯಲ್ಲೇ ಶುರು

ಕಲಬುರಗಿಯಲ್ಲಿ ಬಿ.ಇ. ಮುಗಿಸಿ ಎಂ.ಎಸ್. ಓದಲು ಜರ್ಮನಿಗೆ ಹೊರಟವರ ಮನೆಯಲ್ಲಿ ವೀಸಾ ಕೈಸೇರುವವರೆಗೂ ಅದರದ್ದೇ ಚಿಂತೆ. ಅಲ್ಲಿ ಇಳಿದ ದಿನ ಏನೇನು ಮಾಡಬೇಕೆಂದು ಕೇಳುವವರು ಕಡಿಮೆ. ಜೇವರ್ಗಿ ಸೀಮೆಯ ಇಜೇರಿಯಂಥ ಊರಿನಿಂದ, ಮನೆತನದಲ್ಲೇ ಮೊದಲಿಗರಾಗಿ ವಿಮಾನ ಹತ್ತುವ ಮಕ್ಕಳಿಗಾಗಿ ಈ ಮಾಹಿತಿ.

ಟಿಕೆಟ್ ತೆಗೆಸುವಾಗ

ದರ ನೋಡುವ ಮೊದಲು ವಾರ ನೋಡಿ. ಸೋಮವಾರದಿಂದ ಗುರುವಾರದೊಳಗೆ, ಬೆಳಿಗ್ಗೆ ಇಳಿಯುವ ವಿಮಾನವೇ ಒಳ್ಳೆಯದು. ವಿದ್ಯಾರ್ಥಿ ವಸತಿಗೃಹದಲ್ಲಿ ಕೀಲಿ ಕೊಡುವವರು ಸಾಮಾನ್ಯವಾಗಿ ಕೆಲಸದ ದಿನಗಳಲ್ಲಿ, ಗೊತ್ತಾದ ಹೊತ್ತಿನಲ್ಲಷ್ಟೇ ಸಿಗುತ್ತಾರೆ. ಶುಕ್ರವಾರ ಸಂಜೆ ತಲುಪಿದರೆ ಸೋಮವಾರದವರೆಗೆ ಹೋಟೆಲ್ ಬಾಡಿಗೆ ಮೈಮೇಲೆ ಬಿತ್ತೆಂದೇ ತಿಳಿಯಿರಿ. ರವಿವಾರ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳೇ ಗತಿ. ಅಕ್ಟೋಬರ್ 3 ಅಲ್ಲಿ ರಾಷ್ಟ್ರೀಯ ರಜೆ. ಟಿಕೆಟ್ಟಿನಲ್ಲಿ ಸ್ವಲ್ಪ ಹಣ ಉಳಿಸಲು ಶನಿವಾರ ರಾತ್ರಿ ಇಳಿಯುವುದು ಉಳಿತಾಯವೇ ಅಲ್ಲ.

ನಮ್ಮ ಭಾಗದವರಿಗೆ ಬೆಂಗಳೂರಿಗಿಂತ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣವೇ ಹತ್ತಿರ. ಜೇವರ್ಗಿ, ಕಲಬುರಗಿ ದಾಟಿ ಹೋಗುವಾಗ ದಾರಿಯಲ್ಲಿ ತಡವಾಗುವುದನ್ನೂ ಲೆಕ್ಕಹಾಕಿ, ವಿಮಾನಕ್ಕೆ 4 ತಾಸು ಮುಂಚೆ ಅಲ್ಲಿರುವಂತೆ ಹೊರಡಿ.

ಚೀಲ ಕಟ್ಟುವಾಗ

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಧಾರಾಳವಾಗಿ ಒಯ್ಯಿರಿ. ಆದರೆ ತುಪ್ಪ, ಪೇಡೆ, ಹಾಲಿನ ಸಿಹಿ, ಮಾಂಸದ ಪದಾರ್ಥ ಬೇಡ: ಹೊರದೇಶಗಳ ಹಾಲು, ಮಾಂಸದ ಉತ್ಪನ್ನಗಳನ್ನು ಪ್ರಯಾಣಿಕರು ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವೂ ಪ್ರಮಾಣಪತ್ರವಿಲ್ಲದೆ ಒಳಗೆ ಹೋಗದು. ಅವ್ವ ಮನೆಯಲ್ಲೇ ಕಾಯಿಸಿ ಕಟ್ಟಿಕೊಟ್ಟ ತುಪ್ಪ ಕಸ್ಟಮ್ಸ್‌ನವರ ಕಸದ ಡಬ್ಬಿ ಸೇರಿದರೆ ತಡೆದುಕೊಳ್ಳಲಾಗದ ಸಂಕಟ. ಮನೆಯವರಿಗೆ ಮೊದಲೇ ತಿಳಿಸಿ ಹೇಳಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಪ್ರವೇಶಪತ್ರ, ಬ್ಲಾಕ್ಡ್ ಅಕೌಂಟ್ (ಅಲ್ಲಿನ ಖರ್ಚಿಗೆಂದು ಹಣ ಇಟ್ಟ ಖಾತೆ) ದಾಖಲೆ, ವಿಮೆ, ಉಳಿಯುವ ವಿಳಾಸ, ಇವು ಕಾಗದದ ಮೇಲೂ ಇರಲಿ, ಪಾಸ್‌ಪೋರ್ಟ್ ಜೊತೆಗೇ ಇರಲಿ. ದೊಡ್ಡ ಬ್ಯಾಗು ಕೈಸೇರುವ ಮೊದಲೇ ಅಧಿಕಾರಿ ಕೇಳಿದರೂ ತೊದಲಬೇಕಾಗಿಲ್ಲ.

ಊರಿನ ಸಿಮ್ ಬಂದ್ ಮಾಡಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಅಂತರರಾಷ್ಟ್ರೀಯ ರೋಮಿಂಗ್ ಇಲ್ಲಿರುವಾಗಲೇ ಶುರು ಮಾಡಿಸಿಕೊಳ್ಳಿ.

ಇಳಿದ ಮೇಲೆ

ಪಾಸ್‌ಪೋರ್ಟ್ ತಪಾಸಣೆಯಲ್ಲಿ ಯಾವ ಕೋರ್ಸು, ಎಲ್ಲಿ ವಾಸ, ಖರ್ಚಿಗೆ ಏನು ದಾರಿ ಎಂದು ಕೇಳಬಹುದು. ಸಣ್ಣ ವಾಕ್ಯದಲ್ಲಿ ನಿಜ ಹೇಳಿ, ಕಾಗದ ತೋರಿಸಿ, ಸಾಕು.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದರೆ ಟರ್ಮಿನಲ್ 1ರ ಕೆಳಗೇ ಸ್ಥಳೀಯ ರೈಲು ನಿಲ್ದಾಣವಿದೆ. ಎಸ್8, ಎಸ್9 ರೈಲುಗಳು ಸುಮಾರು 15 ನಿಮಿಷದಲ್ಲಿ ನಗರದ ಮುಖ್ಯ ನಿಲ್ದಾಣ ಮುಟ್ಟಿಸುತ್ತವೆ. ದೂರದ ಊರಿನ ರೈಲುಗಳ ನಿಲ್ದಾಣ ಬೇರೆಯೇ ಇದೆ, ಫಲಕ ನೋಡಿಕೊಂಡು ನಡೆಯಿರಿ. ಪ್ಲಾಟ್‌ಫಾರ್ಮಿಗೆ ಹೋಗಲು ಗೇಟಿಲ್ಲ, ತಡೆಯುವವರಿಲ್ಲ. ಹಾಗೆಂದು ಟಿಕೆಟ್ ಇಲ್ಲದೆ ಹತ್ತಬೇಡಿ. ಸ್ಥಳೀಯ ರೈಲಿನಲ್ಲಿ ಸಿಕ್ಕಿಬಿದ್ದರೆ ದಂಡ 60 ಯೂರೊ.

ಕೋಣೆ ಸೇರಿದಾಗ

ಕೀಲಿ ತೆಗೆದುಕೊಂಡ ಕೂಡಲೇ ಕೋಣೆಯ ಗೋಡೆ, ಕಿಟಕಿ, ಒಲೆಯ ಫೋಟೊ ತೆಗೆದಿಡಿ. ಬಿಟ್ಟುಹೋಗುವಾಗ ಠೇವಣಿಯ ಮಾತು ಬಂದರೆ ಅದೇ ಸಾಕ್ಷಿ. ಅಲ್ಲಿನ ಅನೇಕ ಬಾಗಿಲುಗಳು ಎಳೆದರೆ ಸಾಕು, ಹೊರಗಿನಿಂದ ಕೀಲಿಯಿಲ್ಲದೆ ತೆರೆಯುವುದಿಲ್ಲ. ಬೀಗದವನನ್ನು ಕರೆಸಿದರೆ, ಅದೂ ರಾತ್ರಿ, ಬಿಲ್ಲು ನೋಡಿ ಕಣ್ಣೀರು ಬರುತ್ತದೆ. ಕಸ ಚೆಲ್ಲಲು ಹೊರಗೆ ಕಾಲಿಟ್ಟರೂ ಕೀಲಿ ಜೇಬಿನಲ್ಲಿರಲಿ.

ನಲ್ಲಿಯ ನೀರು ಕುಡಿಯಲು ಯೋಗ್ಯ. ಬ್ರೆಡ್ಡು, ಹಣ್ಣು, ಹಾಲು ತಂದಿಟ್ಟುಕೊಂಡು ಮನೆಗೆ ಫೋನ್ ಮಾಡಿ. ಬೇಸಿಗೆ ಸಮಯದಲ್ಲಿ ಜರ್ಮನಿ ನಮಗಿಂತ ಮೂರೂವರೆ ತಾಸು ಹಿಂದೆ. ಅಕ್ಟೋಬರ್ ಕೊನೆಯ ರವಿವಾರದಿಂದ ನಾಲ್ಕೂವರೆ ತಾಸು. ಅಲ್ಲಿ ರಾತ್ರಿ 8 ಆಗುವಷ್ಟರಲ್ಲಿ ಇಜೇರಿಯಲ್ಲಿ ಹನ್ನೊಂದೂವರೆ ದಾಟಿರುತ್ತದೆ, ಅವ್ವ–ಅಪ್ಪ ನಿದ್ದೆಗೆಟ್ಟು ಕಾಯುತ್ತಿರುತ್ತಾರೆ. ಮಧ್ಯಾಹ್ನವೇ ಮಾತಾಡಿ.

ನಿದ್ದೆ ಎಳೆದರೂ ಕತ್ತಲಾಗುವವರೆಗೆ ಮಲಗಬೇಡಿ, ಮರುದಿನ ದೇಹ ಬೇಗ ಹೊಂದಿಕೊಳ್ಳುತ್ತದೆ. ತುರ್ತು ಇದ್ದರೆ ಆಂಬ್ಯುಲೆನ್ಸ್, ಅಗ್ನಿಶಾಮಕಕ್ಕೆ 112, ಪೊಲೀಸರಿಗೆ 110. ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ಗಳಲ್ಲಿ ಭಾರತದ ದೂತಾವಾಸ ಕಚೇರಿಗಳಿವೆ. ಫ್ರಾಂಕ್‌ಫರ್ಟ್ ಸುತ್ತಿನವರಿಗೆ ರೈನ್ ಮೈನ್ ಕನ್ನಡ ಸಂಘವೂ ಇದೆ. ಹೊರಡುವ ಮೊದಲೇ ಅವರಿಗೊಂದು ಪತ್ರ ಹಾಕಿ.

ಬ್ಯಾಂಕು, ಹೊಸ ಸಿಮ್, ಕಾಲೇಜು ಯಾವುದೂ ಇಳಿದ ದಿನ ಬೇಡ. ಆದರೆ ಕೀಲಿ ಕೊಡುವವರನ್ನು ಒಂದು ಕಾಗದ ಕೇಳಿ ಪಡೆಯಿರಿ: ನೀವು ಅಲ್ಲಿ ವಾಸಕ್ಕೆ ಬಂದಿದ್ದೀರೆಂಬ ಮನೆ ಮಾಲೀಕರ ದೃಢೀಕರಣ. ಎರಡು ವಾರದೊಳಗೆ ನಗರಾಡಳಿತ ಕಚೇರಿಯಲ್ಲಿ ವಿಳಾಸ ನೋಂದಾಯಿಸಲು ಅದು ಬೇಕೇ ಬೇಕು.